ಅಜ್ಜನ ಫ್ರಿಜ್ಜಿಗೆ ನಲ್ಲಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಮೂಲಮನೆ’. ಮನೆ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗುಂಪಿನಲ್ಲಿ 31 ಮಂದಿ, ಮನೆಯಲ್ಲಿ ನಾನು ಮತ್ತು ಅಮ್ಮ. ಬೆಳಿಗ್ಗೆ ಶುಭೋದಯ, ಸಂಜೆ ಅಡಿಕೆ ರೇಟು, ನಡುವೆ ಯಾರದ್ದಾದರೂ ಮಗುವಿನ ಹುಟ್ಟುಹಬ್ಬ. ಇಷ್ಟೇ ಇರುವ ಗುಂಪಿಗೆ ಕಳೆದ ಶನಿವಾರ ರಾತ್ರಿ 140 ಮೆಸೇಜು ಬಂತು. ಬೇಕಾದ್ದನ್ನು ಮಾತ್ರ ಇಲ್ಲಿ ಹಾಕುತ್ತೇನೆ. ಹೆಸರು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆಯೇ ಉಂಟು. ದೊಡ್ಡಪ್ಪನ ಶುಭರಾತ್ರಿ ಹೂವುಗಳನ್ನು ತೆಗೆದಿದ್ದೇನೆ.

ಪುಟ್ಟ ಬೆಂಗಳೂರು: (ವಿಡಿಯೊ) ಎಲ್ಲರೂ ಪೂರ್ತಿ ನೋಡಿ. ಹಳೇ ಫ್ರಿಜ್ಜಿನ ಬಾಗಿಲಿಗೆ ತೂತು ಹಾಕಿ ನಲ್ಲಿ ಕೂರಿಸಿದ್ದಾರೆ. ಒಳಗೆ ಸ್ಟೀಲಿನ ಕೆಗ್, ಅಂದರೆ ಉದ್ದದ ಪೀಪಾಯಿ. ಪಕ್ಕದಲ್ಲಿ ಸೋಡಾ ಗ್ಯಾಸಿನ (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್. ಹಿಡಿ ಎಳೆದರೆ ಸಾಕು, ತಣ್ಣಗೆ ಬರುತ್ತದೆ. ನಮ್ಮ ಜಗಲಿಯಲ್ಲಿ ಅಜ್ಜನ ಫ್ರಿಜ್ ಸುಮ್ನೆ ನಿಂತಿದೆ ಅಲ್ವಾ?

ಕುಂಬಳೆ ಅತ್ತೆ: ಒಳ್ಳೆದಾಯ್ತು ಮಗಾ. ನೆಂಟರು ಬಂದಾಗ ನೀರಿಗೆ ಒಳಗೆ ಹೊರಗೆ ಓಡುವುದು ತಪ್ಪಿತು.

ಪುಟ್ಟ ಬೆಂಗಳೂರು: ನೀರಲ್ಲ ಅತ್ತೆ. ಬಿಯರ್.

ಕುಂಬಳೆ ಅತ್ತೆ: (ಈ ಮೆಸೇಜನ್ನು ಅಳಿಸಲಾಗಿದೆ)

ಫ್ರಿಜ್ಜಿನ ಬಗ್ಗೆ ಎರಡು ಮಾತು. 1996ರಲ್ಲಿ ಅಜ್ಜ ಅಡಿಕೆ ಮಾರಿದ ದುಡ್ಡಿನಲ್ಲಿ ತಂದದ್ದು. 165 ಲೀಟರ್, ಒಂಟಿ ಬಾಗಿಲು, ಹಿಂದೆ ಕಪ್ಪು ಜಾಲರಿ. ಬಾಗಿಲಿನ ರಬ್ಬರ್ ಹೋದ ಮೇಲೆ ಅಡುಗೆಮನೆಗೆ ಹೊಸತು ಬಂತು, ಇದು ಜಗಲಿಯ ಮೂಲೆಗೆ ಹೋಯಿತು. ಈಗ ಅದು ಕಪಾಟು. ಇಲಿ ಹೊಕ್ಕದ ಕಪಾಟು ಅಂತ ನಮ್ಮಲ್ಲಿ ಇರುವುದು ಅದೊಂದೇ.

ದೊಡ್ಡಪ್ಪ: ಪುಟ್ಟಾ, ನೀನು ಇರುವುದು ಬೆಂಗಳೂರಿನಲ್ಲಿ. ಫ್ರಿಜ್ ಇರುವುದು ಕೇರಳದಲ್ಲಿ. ಇಲ್ಲಿ ಒಬ್ಬ ಮನುಷ್ಯ ಇಟ್ಟುಕೊಳ್ಳಬಹುದಾದ ಬಿಯರ್ 3.5 ಲೀಟರ್. ನಿನ್ನ ಆ ಕೆಗ್ ಎಷ್ಟು ಲೀಟರಿನದ್ದು?

ಪುಟ್ಟ ಬೆಂಗಳೂರು: ಸಣ್ಣದೇ ದೊಡ್ಡಪ್ಪ. 19 ಲೀಟರ್.

ದೊಡ್ಡಪ್ಪ: ಅಂದರೆ ಐದು ಮಂದಿ ಸಾಲದು, ಆರು ಮಂದಿ ಬೇಕು. ಆರು ಮಂದಿಗೂ 23 ವರ್ಷ ತುಂಬಿರಬೇಕು.

ಪುಟ್ಟ ಬೆಂಗಳೂರು: ನಾನು ಬರುವಾಗ ತಲಪಾಡಿ ಗಡಿ ದಾಟಿಸಿ ಸ್ವಲ್ಪ ಸ್ವಲ್ಪ ತಂದರೆ?

ದೊಡ್ಡಪ್ಪ: ಕರ್ನಾಟಕದ ಬಾಟ್ಲಿ ಈಚೆ ಸಿಕ್ಕಿದರೆ ಕೇಸು. ಪೇಪರಿನಲ್ಲಿ ದಿನಾ ಬರುತ್ತದೆ. ನೀನು ಪೇಪರ್ ಓದುವುದಿಲ್ಲ.

ಪುಟ್ಟ ಬೆಂಗಳೂರು: ಹಾಗಾದರೆ ಮನೆಯಲ್ಲೇ ಮಾಡುವುದು. ಅಮೇರಿಕಾದಲ್ಲಿ ಭಾವ ಮಾಡುತ್ತಾರಲ್ಲ!

ದೊಡ್ಡಪ್ಪ: ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದರೆ ಅಬ್ಕಾರಿ ಕಾಯ್ದೆ ಬೀಳುತ್ತದೆ. 2019ರ ಕ್ರಿಸ್‌ಮಸ್ ಹೊತ್ತಿಗೆ ಮನೆಯ ದ್ರಾಕ್ಷಿ ವೈನಿಗೂ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ನೋಟಿಸು ಬಂದರೆ ಮಲಯಾಳದಲ್ಲಿ ಬರುತ್ತದೆ. ಓದಿ ಅರ್ಥ ಹೇಳಲು ನನ್ನನ್ನು ಕರೆಯುತ್ತೀರಿ. ನಾನು ಬರುವುದಿಲ್ಲ.

ಕುಂಬಳೆ ಅತ್ತೆ: ತಿಂಗಳ ಒಂದನೇ ತಾರೀಕು ಇಲ್ಲಿ ಮದ್ಯದ ಅಂಗಡಿ ಬಂದ್ ಅಲ್ವಾ? ಆ ದಿನ ನಲ್ಲಿಗೂ ರಜೆಯಾ?

ಅತ್ತೆ ಎಷ್ಟು ಬೇಗ ಚೇತರಿಸಿಕೊಂಡರು ನೋಡಿ.

ಅಮೇರಿಕಾ ಭಾವ: ಈಗಷ್ಟೇ ನೋಡಿದೆ. ಇಲ್ಲಿ ನನ್ನ ಗ್ಯಾರೇಜಿನಲ್ಲಿ ಇಂಥದ್ದೇ ಒಂದು ಉಂಟು. ಇಲ್ಲಿಯ ಕಾನೂನು ಬೇರೆ. 1978ರಲ್ಲೇ ಬದಲಾಯಿಸಿದರು. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ವರ್ಷಕ್ಕೆ 200 ಗ್ಯಾಲನ್ ವರೆಗೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಸುಮಾರು 757 ಲೀಟರ್. ಮಾರುವ ಹಾಗಿಲ್ಲ.

ಅಕ್ಕ: ಆ ಇಬ್ಬರಲ್ಲಿ ಒಬ್ಬಳು ನಾನು. 757ರ ಲೆಕ್ಕದಲ್ಲಿ ನನ್ನ ಪಾಲು ಯಾರಿಗೆ ಹೋಗುತ್ತಿದೆ ಅಂತ ಈಗ ಗೊತ್ತಾಯ್ತು.

ಇಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕುಂಬಳೆ ಮಾವ ಬಂದರು. ಮಾವನದ್ದು ಫ್ರಿಜ್ ರಿಪೇರಿ ಅಂಗಡಿ, ಮೂವತ್ತು ವರ್ಷದಿಂದ. ಗುಂಪಿನಲ್ಲಿ ವರ್ಷಕ್ಕೆ ನಾಲ್ಕು ಮೆಸೇಜು ಹಾಕಿದರೆ ಜಾಸ್ತಿ. ಅವರಿಗೆ ಬಿಯರಿನ ತಕರಾರೇ ಇರಲಿಲ್ಲ.

ಕುಂಬಳೆ ಮಾವ: ತೂತು ಎಲ್ಲಿ ಹಾಕುತ್ತೀ?

ಪುಟ್ಟ ಬೆಂಗಳೂರು: ನಲ್ಲಿ ಬಾಗಿಲಿಗೆ. ಗ್ಯಾಸಿನ ಪೈಪು ಪಕ್ಕದಿಂದ ಒಳಗೆ.

ಕುಂಬಳೆ ಮಾವ: ಪಕ್ಕಕ್ಕೆ ಕೈ ಹಾಕಬೇಡ. ಈಗಿನ ಫ್ರಿಜ್ಜಿನಲ್ಲಿ ಬಿಸಿ ಪೈಪು ಪಕ್ಕದ ತಗಡಿನ ಒಳಗೇ ಓಡುತ್ತದೆ. ಮುಟ್ಟಿ ನೋಡಿದರೆ ಬೆಚ್ಚಗೆ ಇರುತ್ತದಲ್ಲ, ಅದೇ. ಅಜ್ಜನದ್ದರಲ್ಲಿ ಅದು ಹಿಂದಿನ ಜಾಲರಿಯಲ್ಲಿ ಉಂಟು. ಆದರೂ ಬಾಗಿಲು ಬಿಟ್ಟು ಎಲ್ಲಿಗೂ ಡ್ರಿಲ್ ಬೇಡ. ಫ್ರಿಜ್ಜನ್ನು ತಂಪು ಮಾಡುವ ಗ್ಯಾಸ್ ಬಾಗಿಲಿನಲ್ಲಿ ಮಾತ್ರ ಓಡುವುದಿಲ್ಲ.

ಕುಂಬಳೆ ಮಾವ: ಅಜ್ಜನದ್ದು ಆರ್-12 ಗ್ಯಾಸಿನದ್ದು. ಓಝೋನ್ ಹಾಳಾಗುತ್ತದೆ ಅಂತ ಅದನ್ನು ನಿಲ್ಲಿಸಿದ್ದಾರೆ. ಸೋರಿ ಹೋದರೆ ತುಂಬಿಸಲು ನನ್ನ ಹತ್ತಿರ ಇಲ್ಲ. ಹೊಸ ಫ್ರಿಜ್ಜಿನದ್ದು ಆರ್-600ಎ. ಅದು ಬೆಂಕಿ ಹಿಡಿಯುತ್ತದೆ. ಕಂಪ್ರೆಸರಿನ ಸ್ಟಿಕ್ಕರ್ ಓದದೆ ಡ್ರಿಲ್ ಹಿಡಿಯುವವ ನನ್ನ ಅಂಗಡಿ ಮೆಟ್ಟಿಲು ಹತ್ತುವುದು ಬೇಡ.

ಈ ಮಾತು ಪುಟ್ಟನಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಿಲ್ಲ. ಎಂಟನೇ ಕ್ಲಾಸಿನಲ್ಲಿರುವಾಗ ಇದೇ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ತೆಂಗಿನಕಾಯಿ ಎಬ್ಬುವ ಚೂರಿಯಿಂದ ಕೆರೆದವ ನಾನು. ಸುಯ್ ಅಂತ ಸದ್ದು ಬಂತು. ಏನೋ ಸಾಧಿಸಿದ ಹಾಗೆ ಎರಡು ಸೆಕೆಂಡು ಖುಷಿಯಾಯಿತು. ಸದ್ದು ನಿಂತಾಗ ಫ್ರಿಜ್ಜೂ ನಿಂತ ಹಾಗೆಯೇ. ಮಾವ ಬಂದು ತೂತು ಮುಚ್ಚಿ ಗ್ಯಾಸ್ ತುಂಬಿಸಿದರು. ಅಜ್ಜ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆ ಅಂಟಿನ ಗಂಟು ಈಗಲೂ ಕೈಗೆ ಸಿಗುತ್ತದೆ, ಕಡಲೆಯಷ್ಟು ದೊಡ್ಡದು.

ಪುಟ್ಟ ಬೆಂಗಳೂರು: ಸರಿ ಮಾವ, ಎರಡೂ ಬಾಗಿಲಿಗೇ. ಅಣ್ಣಾ, ಒಮ್ಮೆ ಒಳಗಿನ ಅಳತೆ ತೆಗೆದು ಹಾಕ್ತೀಯಾ?

ಅಣ್ಣ ಅಂದರೆ ನಾನು. ರಾತ್ರಿ ಒಂಬತ್ತೂವರೆಗೆ ಟಾರ್ಚು, ಟೇಪು ಹಿಡಿದು ಜಗಲಿಗೆ ಹೋದೆ. ಬೇಡ ಅನ್ನಬಹುದಿತ್ತು, ಆದರೆ ನನಗೂ ಕುತೂಹಲ.

ನಾನು: ತರಕಾರಿ ಟ್ರೇ, ಹಲಗೆ ಎಲ್ಲ ತೆಗೆದರೆ ಐಸ್ ಪೆಟ್ಟಿಗೆಯ ಅಡಿಯಿಂದ ನೆಲಕ್ಕೆ 68 ಸೆಂ.ಮೀ. ಆದರೆ ಹಿಂದೆ ಕಂಪ್ರೆಸರಿನ ದಿಣ್ಣೆ ಉಂಟು. ಅದರ ಮುಂದೆ ಉಳಿಯುವುದು 25 ಸೆಂ.ಮೀ.

ಅಮೇರಿಕಾ ಭಾವ: 19 ಲೀಟರಿನ ಕೆಗ್ ಸುಮಾರು 64 ಎತ್ತರ, 22 ದಪ್ಪ. ಕೂರುತ್ತದೆ! ಬಾಗಿಲಿನ ಒಳಗಿನ ಬಾಟ್ಲಿ ಹಲಗೆ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಬಾಗಿಲು ಹಾಕಲು ಆಗುವುದಿಲ್ಲ. ಸಿಲಿಂಡರ್ ಹೊರಗೆ, ನೆಟ್ಟಗೆ ನಿಲ್ಲಿಸಿ.

ಅಮೇರಿಕಾ ಭಾವ: ಪೈಪಿನ ವಿಷಯ ವಿಡಿಯೊದಲ್ಲಿ ಸರಿ ಹೇಳಿಲ್ಲ. ನಾನು ಮೊದಲು ಒಂದಡಿ ಪೈಪು ಹಾಕಿದ್ದೆ. ಗ್ಲಾಸಿಗೆ ಬಿದ್ದದ್ದು ಬರೀ ನೊರೆ, ಆಗ ಕರೆದ ಹಾಲಿನ ಹಾಗೆ. ಒಂದು ಗ್ಲಾಸು ಕುಡಿಯಲು ಕಾಲು ಗಂಟೆ ಕಾಯಬೇಕಿತ್ತು. ಆಮೇಲೆ 3 ಮೀಟರ್ ಸಪೂರ ಪೈಪು ಸುರುಳಿ ಸುತ್ತಿ ಒಳಗಿಟ್ಟೆ. ಪೈಪಿನ ಒಳಗಾತ್ರ 5 ಮಿಲಿಮೀಟರಿಗಿಂತ ಕಮ್ಮಿ. ಅಷ್ಟು ಉದ್ದ ಉಜ್ಜಿಕೊಂಡು ಬರುವಾಗ ಒತ್ತಡ ಇಳಿಯುತ್ತದೆ, ನೊರೆ ನಿಲ್ಲುತ್ತದೆ. ಒಳಗೆ 3 ಡಿಗ್ರಿ, ಗ್ಯಾಸಿನ ಒತ್ತಡ 10ರಿಂದ 12 ಪಿಎಸ್‌ಐ.

ಅಕ್ಕ: ಸಿಲಿಂಡರ್ ಖಾಲಿಯಾದ ಕತೆಯೂ ಹೇಳಿ.

ಅಮೇರಿಕಾ ಭಾವ: ಅದು ಒಂದು ಸಲ. ಜೋಡಣೆ ಸ್ವಲ್ಪ ಸಡಿಲ ಇತ್ತು. ರಾತ್ರಿ ಇಡೀ ಸೋರಿ 2 ಕೆ.ಜಿ. ಚಿಲ್ಲರೆ ಗ್ಯಾಸ್ ಪೂರಾ ಖಾಲಿ. ಈಗ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಿಯೇ ಮಲಗುತ್ತೇನೆ. ಅದು ಗಾಳಿಗಿಂತ ಭಾರ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರು ಕಟ್ಟುತ್ತದೆ. ನಿಮ್ಮದು ತೆರೆದ ಜಗಲಿ, ಪರವಾಗಿಲ್ಲ.

ಇಷ್ಟು ಹೊತ್ತಿಗೆ ಪುಟ್ಟ ಗೆದ್ದವನ ಹಾಗೆ ಇದ್ದ. ಕೆಗ್ ಕೂರುತ್ತದೆ, ತೂತಿನ ಜಾಗ ಸಿಕ್ಕಿತು, ಗ್ಯಾಸಿಗೆ ಸೋಡಾ ಮಾಡುವವರ ಹತ್ತಿರ ವಿಚಾರಿಸಬಹುದು. ಕೇರಳ ಸರಕಾರ ಒಂದು ಬಾಕಿ. ಆಗ ನಾನು ಕೇಳಿದೆ.

ನಾನು: ಭಾವಾ, ಪೈಪು ತೊಳೆಯುವುದು ಎಷ್ಟು ದಿನಕ್ಕೊಮ್ಮೆ?

ಅಮೇರಿಕಾ ಭಾವ: ಎರಡು ವಾರಕ್ಕೊಮ್ಮೆ. ಒಳಗೆ ಪಾಚಿಯ ಹಾಗೆ ಹಿಡಿಯುತ್ತದೆ, ಹುಳಿ ವಾಸನೆ ಬರುತ್ತದೆ. ಕಾಸ್ಟಿಕ್ ಇರುವ ಪುಡಿ ಕದಡಿ ಪೈಪಿನಲ್ಲಿ ಹಾಯಿಸಬೇಕು, ಆಮೇಲೆ ಬರೀ ನೀರು. ನಲ್ಲಿ ಬಿಚ್ಚಿ ಬ್ರಶ್ ಹಾಕಬೇಕು.

ನಾನು: ಅಂದರೆ ವರ್ಷಕ್ಕೆ 26 ಸಲ. ಪುಟ್ಟಾ, ಕಳೆದ ವರ್ಷ ನೀನು ಮನೆಗೆ ಬಂದದ್ದು ಎರಡು ಸಲ. ವಿಷುವಿಗೆ ಒಮ್ಮೆ, ಅಜ್ಜನ ತಿಥಿಗೆ ಒಮ್ಮೆ. ಉಳಿದ 24 ಸಲ ಯಾರು?

ಪುಟ್ಟ ಬೆಂಗಳೂರು: ಅಣ್ಣಾ, ಅದೆಲ್ಲ ಹತ್ತು ನಿಮಿಷದ ಕೆಲಸ.

ನಾನು: ಸೋಲಾರ್ ಬೇಲಿಯ ಬುಡದ ಹುಲ್ಲು ಸವರುವುದೂ ಹತ್ತು ನಿಮಿಷದ್ದು ಅಂತ ನೀನೇ ಹೇಳಿದ್ದು. ಬೇಲಿ ಹಾಕಿಸೋಣ ಅಂದವನೂ ನೀನೇ. ಹಟ್ಟಿಯಲ್ಲಿ ದನ ಕಟ್ಟಿದರೆ ಹಾಲಾದರೂ ಉಂಟು, ಗೊಬ್ಬರವೂ ಉಂಟು. ಇದು ಫ್ರಿಜ್ ಅಲ್ಲ ಮಾರಾಯ, ಹಾಲು ಕೊಡದ ದನ.

ಸ್ವಲ್ಪ ಖಾರ ಜಾಸ್ತಿಯಾಯಿತು ಅಂತ ಕಳಿಸಿದ ಮೇಲೆ ಅನಿಸಿತು. ಆದರೆ ಅಳಿಸಲಿಲ್ಲ. ದೂರ ಇರುವವರಿಗೆ ಈ ಮನೆ ಒಂದು ಆಟದ ಮೈದಾನ. ಬೋರ್‌ವೆಲ್ ಕೆಟ್ಟರೆ ತೋಟಕ್ಕೆ ಇಳಿಯುವವ ನಾನು.

ಕುಂಬಳೆ ಅತ್ತೆ: ಹೌದು ಪುಟ್ಟಾ. ಅಣ್ಣ ಒಬ್ಬನೇ ಎಷ್ಟು ಅಂತ ಮಾಡುವುದು?

ದೊಡ್ಡಪ್ಪ: ನನ್ನದೊಂದು ಸೂಚನೆ. ಬಿಯರ್ ಬಿಡಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯ ರಸವನ್ನು ಐಸ್ ಪೆಟ್ಟಿಗೆಯಲ್ಲೇ ಇಳಿಸುತ್ತಾರೆ. ಕಲ್ಪರಸ ಅಂತ ಹೆಸರು. ತಣ್ಣಗೆ ಇಟ್ಟರೆ ಕಲ್ಪರಸ, ಹಾಗೇ ಬಿಟ್ಟರೆ ಕಳ್ಳು. ಫ್ರಿಜ್ಜಿಗೆ ಇದು ಒಪ್ಪುತ್ತದೆ.

ಪುಟ್ಟ ಬೆಂಗಳೂರು: ದೊಡ್ಡಪ್ಪ, ಕರೆಂಟು ಹೋದರೆ?

ದೊಡ್ಡಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕತೆ ಅವರಿಗೂ ಗೊತ್ತು.

ಅಕ್ಕ: ಪುನರ್ಪುಳಿ ಸೋಡಾ ಮಾಡಿ. ಕೇಸು ಇಲ್ಲ, ಅತ್ತೆಯೂ ಕುಡಿಯುತ್ತಾರೆ.

ಇದು ಎಲ್ಲರಿಗೂ ಹಿಡಿಸಿತು. ಹನ್ನೊಂದು ಮಂದಿ ಹೆಬ್ಬೆಟ್ಟು ಎತ್ತಿದರು. ಅದರಲ್ಲಿ ಆರು ಮಂದಿ ವರ್ಷದಲ್ಲಿ ಒಮ್ಮೆಯೂ ಮಾತಾಡದವರು.

ಕುಂಬಳೆ ಮಾವ: ಹುಳಿಗೆ ಹಿತ್ತಾಳೆ ನಲ್ಲಿ ಆಗುವುದಿಲ್ಲ. ತಾಮ್ರದ ಪೈಪೂ ಬೇಡ. ಹುಳಿಯೂ ಸೋಡಾ ಗ್ಯಾಸೂ ಸೇರಿದರೆ ತಾಮ್ರ ಬಿಡುತ್ತದೆ, ಹೊಟ್ಟೆಗೆ ವಿಷ. ಪೂರಾ ಸ್ಟೀಲ್ ಬೇಕು.

ಅಮೇರಿಕಾ ಭಾವ: ಸೋಡಾಕ್ಕೆ ಒತ್ತಡವೂ ಜಾಸ್ತಿ, 30ರ ಹತ್ತಿರ. ಪೈಪು ಇನ್ನೂ ಉದ್ದ ಬೇಕು.

ತಾಮ್ರ ಅಂದ ಕೂಡಲೇ ನನಗೆ ನಗು ಬಂತು. ಟೇಪು ಹಿಡಿದಾಗ ನೋಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮತ್ತೆ ಜಗಲಿಗೆ ಹೋಗಿ ಫೋಟೊ ತೆಗೆದೆ. ತರಕಾರಿ ಟ್ರೇಯ ಮೂಲೆಯಲ್ಲಿ ನೀಲಿ ಹರಳು, ಬಿಳಿ ಪ್ಲಾಸ್ಟಿಕ್ಕಿನ ಗೋಡೆಗೆ ನೀಲಿ ಗೆರೆ, ರಬ್ಬರಿನ ಸಂದಿಯಲ್ಲಿ ಉಗುರಿನಿಂದ ಕೆರೆದರೂ ಹೋಗದ ನೀಲಿ.

ನಾನು: (ಫೋಟೊ) ಎಂಟು ವರ್ಷದಿಂದ ಇದರೊಳಗೆ ಇಡುವುದು ಮೈಲುತುತ್ತು, ಅಡಿಕೆಗೆ ಬಿಡುವ ತಾಮ್ರದ ಮದ್ದು. ಮೊದಲ ಮದ್ದು ಬಿಟ್ಟು ಆಯಿತು, ಎರಡನೆಯದಕ್ಕೆ ಇನ್ನೂ 12 ಕೆ.ಜಿ. ಒಳಗಿದೆ. 100 ಲೀಟರ್ ನೀರಿಗೆ ಸುಣ್ಣದ ಜೊತೆ 1 ಕೆ.ಜಿ. ಹಾಕಿದರೆ ಕೊಳೆರೋಗವೇ ಹೆದರುತ್ತದೆ. ಯಾರಿಗೆಲ್ಲ ಪುನರ್ಪುಳಿ ಸೋಡಾ ಬೇಕು?

ಹೆಬ್ಬೆಟ್ಟುಗಳು ಒಂದೊಂದಾಗಿ ಮಾಯವಾದವು.

ಪುಟ್ಟ ಬೆಂಗಳೂರು: ಅಣ್ಣಾ, ಇದನ್ನು ಮೊದಲೇ ಹೇಳಬಾರದಿತ್ತಾ? ಎರಡು ಗಂಟೆ ಚರ್ಚೆ ಮಾಡಿದೆವು.

ನಾನು: ನೀವು ಯಾರೂ ಒಳಗೆ ಏನುಂಟು ಅಂತ ಕೇಳಲೇ ಇಲ್ಲ.

ಪುಟ್ಟ ಬೆಂಗಳೂರು: ತೊಳೆದರೆ ಹೋಗುತ್ತದಾ?

ಕುಂಬಳೆ ಮಾವ: ಅಡಿಕೆಗೆ ಬಿಟ್ಟದ್ದು ಅಡಿಕೆಗೇ ಇರಲಿ. ನನ್ನ ಅಂಗಡಿಯಲ್ಲಿ ಗುಜಿರಿಗೆ ಹೋಗುವ ಒಂದು ಉಂಟು. ಬೇಕಾದರೆ ಅದನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗು. ಅಲ್ಲಿ ನೀನೇ ತೊಳೆ.

ಪುಟ್ಟ ಬೆಂಗಳೂರು: ನಾನಿರುವುದು ಮೂರನೇ ಮಾಳಿಗೆ ಮಾವ. ಲಿಫ್ಟ್ ಇಲ್ಲ.

ಹತ್ತೂಮುಕ್ಕಾಲಿಗೆ ಅಮ್ಮನ ವಾಯ್ಸ್ ಮೆಸೇಜು ಬಂತು. ಅಮ್ಮ ಇದ್ದದ್ದು ಪಕ್ಕದ ಕೋಣೆಯಲ್ಲಿ. ಹಾಗಾಗಿ ಮೊದಲು ಗೋಡೆಯಾಚೆಯಿಂದ ಕೇಳಿಸಿತು, ಆಮೇಲೆ ಫೋನಿನಲ್ಲಿ.

ಅಮ್ಮ: ಎಲ್ಲರೂ ತೊಳೆಯುವ ಲೆಕ್ಕ ಹಾಕುತ್ತಾ ಇದ್ದೀರಿ. 26 ಅಂತೆ, 24 ಅಂತೆ. ಮೇಲಿನ ನೀರಿನ ಟ್ಯಾಂಕಿ ತೊಳೆದು ಎರಡು ವರ್ಷ ಆಯಿತು. ಅದಕ್ಕೂ ಒಂದು ನಲ್ಲಿ ಉಂಟು, ಎಲ್ಲರೂ ಅದನ್ನೇ ಕುಡಿಯುವುದು.

ಪುಟ್ಟ ಬೆಂಗಳೂರು: ಅಣ್ಣಾ?

ನಾನು: ನಾಳೆ ಬೆಳಿಗ್ಗೆ.