ಭೂತಾನದ ಹಸಿ ಅಡಿಕೆ: ವಿದೇಶಾಂಗ ನೀತಿಯಲ್ಲಿ ಬೆಳೆಗಾರನ ಮತಕ್ಕೆ ಜಾಗ ಎಲ್ಲಿದೆ?

ಪ್ರಶ್ನೆ: ಹೊಸನಗರದ ತೋಟಗಾರ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಪದವಿಯಲ್ಲಿ ರಾಜ್ಯಶಾಸ್ತ್ರ ಓದಿದ್ದರಿಂದ ಆ ವಿಷಯದ ಹೊಸ ಬರಹಗಳನ್ನು ಇಂದಿಗೂ ಹುಡುಕಿ ಓದುತ್ತೇನೆ. ಪ್ರಜಾಪ್ರಭುತ್ವಕ್ಕೂ ವಿದೇಶಾಂಗ ನೀತಿಗೂ ಇರುವ ನಂಟಿನ ಬಗೆಗಿನ ಸಂಶೋಧನೆ ಹೆಚ್ಚುಕಡಿಮೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿರುವಂತೆ ನನಗೆ ಕಾಣುತ್ತದೆ: ಚುನಾಯಿತ ಸರ್ಕಾರಗಳಿರುವ ದೇಶಗಳು ಪರಸ್ಪರ ಯುದ್ಧ ಮಾಡುತ್ತವೆಯೇ, ಇಲ್ಲವೇ? 1983ರಲ್ಲಿ ರಾಜ್ಯಶಾಸ್ತ್ರಜ್ಞ ಮೈಕೆಲ್ ಡಾಯ್ಲ್ ಅವರು ಜರ್ಮನ್ ತತ್ವಜ್ಞಾನಿ ಕಾಂಟ್ 1795ರಲ್ಲಿ ಬರೆದ ವಿಚಾರವನ್ನು ಮತ್ತೆ ಮುಂದಿಟ್ಟು, ಉದಾರವಾದಿ ಪ್ರಜಾಪ್ರಭುತ್ವಗಳು ತಮ್ಮತಮ್ಮಲ್ಲಿ ಕಾದಾಡುವುದಿಲ್ಲ ಎಂದರು. 1995ರಲ್ಲಿ ಮ್ಯಾನ್ಸ್‌ಫೀಲ್ಡ್ ಮತ್ತು ಸ್ನೈಡರ್, ಪ್ರಜಾಪ್ರಭುತ್ವದ ಕಡೆಗೆ ಅರ್ಧ ದಾರಿ ನಡೆದ ದೇಶಗಳೇ ಹೆಚ್ಚು ಯುದ್ಧಕ್ಕಿಳಿಯುತ್ತವೆ ಎಂದು ವಾದಿಸಿದರು. 1999ರಲ್ಲಿ ಗಡಿಯ ಎರಡೂ ಕಡೆ ಚುನಾಯಿತ ಪ್ರಧಾನಿಗಳಿದ್ದುದರಿಂದ ಕಾರ್ಗಿಲ್ ಕೂಡ ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ.

ಇವೆಲ್ಲ ಬೇಕಾದ ಅಧ್ಯಯನಗಳೇ. ಆದರೆ ನಮ್ಮ ಊರಿಗೆ ವಿದೇಶಾಂಗ ನೀತಿ ಬಂದು ಮುಟ್ಟುವುದು ಮಂಡಿಯ ದರದ ಮೂಲಕ.

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಪಶ್ಚಿಮ ಬಂಗಾಳದ ಜೈಗಾಂವ್ ಕಸ್ಟಮ್ಸ್ ಠಾಣೆಯ ಮೂಲಕ ತರಬಹುದು, ಅದಕ್ಕೆ ಕನಿಷ್ಠ ಆಮದು ಬೆಲೆಯ ಷರತ್ತು (ಇಂತಿಷ್ಟು ಬೆಲೆಗಿಂತ ಅಗ್ಗದ ಸರಕನ್ನು ತರುವಂತಿಲ್ಲ ಎಂಬ ನಿಯಮ) ಇಲ್ಲ ಎಂಬುದು ಅದರ ಸಾರ. ಮಂಡಿಯಲ್ಲಿ ಆ ಸುದ್ದಿ ಬಂದ ದಿನ ನಾನಲ್ಲಿದ್ದೆ. ಖರೀದಿಗೆ ಬಂದವರು ರಾಶಿ ಇಡಿ ಎಂಬ ಬಗೆಯ ಕೆಂಪಡಿಕೆಯ ಗುಡ್ಡೆಯಿಂದ ಒಂದು ಕಾಯಿ ಎತ್ತಿ, ಅಡಕತ್ತರಿಯಲ್ಲಿ ಕತ್ತರಿಸಿ, ಒಳಗಿನ ಬಣ್ಣ ನೋಡಿ, ಏನೂ ಹೇಳದೆ ಮುಂದಿನ ಗುಡ್ಡೆಗೆ ಹೋಗುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಅಲ್ಲಿಂದ ಬಂದ ಹಸಿ ಕಾಯಿಯನ್ನು ಸುಲಿದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಿ ಒಣಗಿಸಿದರೆ ಅದು ನಮ್ಮ ಕೆಂಪಡಿಕೆಯ ಜೊತೆಗೇ ಕೂರುತ್ತದಲ್ಲ ಎಂದರು. ಯಾರ ಬಳಿಯೂ ಉತ್ತರವಿರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಆದರೆ ಬಾಗಿಲು ತೆರೆದದ್ದಾಗಲಿ ಮುಚ್ಚಿದ್ದಾಗಲಿ ನಾವು ಆರಿಸಿ ಕಳಿಸಿದ ಸಂಸದರ ಮತಕ್ಕೆ ಬರಲೇ ಇಲ್ಲ.

ನಾನು ಭೂತಾನದ ವಿರೋಧಿಯಲ್ಲ. ಅಲ್ಲಿ ಅಡಿಕೆ ಬೆಳೆಯುವವನೂ ನನ್ನ ಹಾಗೆಯೇ ಮಳೆ, ರೋಗ, ಕೂಲಿಯಾಳು ಎಂದು ಹೆಣಗುವವನು. ನಾನು ತಿಳಿಯಬೇಕಾಗಿರುವುದು ಇಷ್ಟು: ಇಂಥ ನಿರ್ಧಾರ ನಮ್ಮ ದೇಶದಲ್ಲಿ ಸಂಸತ್ತಿನ ಒಪ್ಪಿಗೆ ಇಲ್ಲದೆ ಹೇಗೆ ಆಗುತ್ತದೆ? ಸಂಶೋಧಕರು ಇದನ್ನು ನೋಡಿದ್ದಾರೆಯೇ? ಪ್ರಜಾಪ್ರಭುತ್ವ ಎಂಬುದು ದೇಶದ ಗಡಿಗೆ ಬಂದು ನಿಂತುಬಿಡುತ್ತದೆಯೇ?

ಉತ್ತರ: ರಾಜ್ಯಶಾಸ್ತ್ರ ಅಧ್ಯಾಪಕಿ, ಶಿವಮೊಗ್ಗ

ನಿಮ್ಮ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಓದಿ ಹೇಳಬೇಕೆನಿಸಿತು. ಮೊದಲು ಕಾನೂನಿನ ಮಾತು.

ಸಂವಿಧಾನದ ಏಳನೇ ಅನುಸೂಚಿಯನ್ನು ತೆರೆದು ನೋಡಿ. ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳೊಂದಿಗಿನ ಒಪ್ಪಂದಗಳು ಮತ್ತು ಅವುಗಳ ಜಾರಿ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಕೃಷಿ ರಾಜ್ಯದ ವಿಷಯವಾದರೂ, ಒಪ್ಪಂದದ ಜಾರಿಗಾಗಿ ಸಂಸತ್ತು ಯಾವ ವಿಷಯದ ಮೇಲಾದರೂ ಶಾಸನ ಮಾಡಬಹುದು ಎಂದು 253ನೇ ವಿಧಿ ಹೇಳುತ್ತದೆ. ಹಾಗಾಗಿ ಒಪ್ಪಂದದ ವಿಷಯದಲ್ಲಿ ರಾಜ್ಯದ ಪಟ್ಟಿ ನಮಗೆ ಆಸರೆಯಾಗುವುದಿಲ್ಲ. ಇನ್ನು ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆ ಬೇಕು ಎಂಬ ನಿಯಮವೇ ನಮ್ಮಲ್ಲಿಲ್ಲ; ಅದು ಕಾರ್ಯಾಂಗದ ಅಧಿಕಾರ. ಆಮದು ರಫ್ತಿನ ಅಧಿಸೂಚನೆಗಳ ಹಿಂದೆ 1992ರ ವಿದೇಶ ವ್ಯಾಪಾರ ಕಾಯ್ದೆ ಇದೆ. ಆ ಕಾಯ್ದೆಯನ್ನು ಸಂಸತ್ತೇ ಅಂಗೀಕರಿಸಿದೆ, ಆದರೆ ಅದರಡಿಯಲ್ಲಿ ಹೊರಡುವ ಒಂದೊಂದು ಆದೇಶವನ್ನೂ ಮತಕ್ಕೆ ಹಾಕಬೇಕಾಗಿಲ್ಲ.

ದೇಶದ ನೆಲವನ್ನೇ ಬಿಟ್ಟುಕೊಡುವ ಸಂದರ್ಭ ಮಾತ್ರ ಬೇರೆ. ಬೇರುಬಾರಿ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟ್, ನೆಲ ಬಿಟ್ಟುಕೊಡಲು ಸಂವಿಧಾನದ ತಿದ್ದುಪಡಿಯೇ ಬೇಕು ಎಂದಿತು. ಆದ್ದರಿಂದಲೇ ಬಾಂಗ್ಲಾದೇಶದ ಜೊತೆ ಗಡಿಯ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಲು 2015ರಲ್ಲಿ ನೂರನೇ ತಿದ್ದುಪಡಿ ತರಬೇಕಾಯಿತು. ಒಂದು ಹಳ್ಳಿ ಗಡಿಯಾಚೆ ಹೋಗುವುದಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಬೇಕು. ಒಂದು ಇಡೀ ಬೆಳೆಯ ಮಾರುಕಟ್ಟೆಯನ್ನು ತೆರೆಯುವುದಕ್ಕೆ ಒಂದು ಅಧಿಸೂಚನೆ ಸಾಕು. ಈ ಅಂತರ ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಶೋಧನೆಯ ಬಗ್ಗೆ ಕೇಳಿದಿರಿ. ನಿಮಗೆ ಅತಿ ಹತ್ತಿರದ ಚಿಂತನೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಅವರದು. ಸಂಧಾನಕ್ಕೆ ಕೂತ ನಾಯಕ ಏಕಕಾಲಕ್ಕೆ ಎರಡು ಮೇಜುಗಳ ಮುಂದೆ ಕೂತಿರುತ್ತಾನೆ, ಒಂದರಲ್ಲಿ ಎದುರಿನ ದೇಶ, ಇನ್ನೊಂದರಲ್ಲಿ ತನ್ನದೇ ಜನ ಎಂದು ಅವರು 1988ರಲ್ಲಿ ಬರೆದರು. ಮನೆಯ ಜನ ಬಿಗಿಯಾಗಿ ನಿಂತಷ್ಟೂ ಹೊರಗಿನವರ ಮುಂದೆ ಅವನ ಮಾತಿಗೆ ತೂಕ ಬರಬಹುದು. ಇದಕ್ಕೆ ನಮ್ಮದೇ ಉದಾಹರಣೆ ಇದೆ. ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ (ಆರ್‌ಸಿಇಪಿ) ಎಂಬ ಬಹುರಾಷ್ಟ್ರ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ವರ್ಷಗಟ್ಟಲೆ ಇದ್ದ ಭಾರತ, 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಹೊರಬಂದಿತು. ನ್ಯೂಜಿಲೆಂಡಿನ ಹಾಲಿನ ಪುಡಿಗೆ ಹೆದರಿದ ನಮ್ಮ ಹಾಲು ಸಹಕಾರಿ ವಲಯದ ವಿರೋಧವೂ ಅದಕ್ಕೆ ಒಂದು ಕಾರಣ. ಸಂಸತ್ತಿನಲ್ಲಿ ಮತದಾನ ನಡೆಯದಿದ್ದರೂ ಹಾಲು ಹಾಕುವವರ ದನಿ ದೆಹಲಿಗೆ ಮುಟ್ಟಿತು, ಏಕೆಂದರೆ ಅವರಿಗೆ ಊರೂರಿನಲ್ಲಿ ಸಂಘವಿತ್ತು.

ಇನ್ನೊಂದು ಮಾತು. ಪ್ರಜಾಪ್ರಭುತ್ವವನ್ನು ಅಳೆಯುವವರ ನಡುವೆಯೇ ಈಗ ದೊಡ್ಡ ವಾಗ್ವಾದವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಸಂಸ್ಥೆ ಸಾವಿರಾರು ತಜ್ಞರ ಅಂದಾಜನ್ನು ಕಲೆಹಾಕಿ ಅಂಕ ಕೊಡುತ್ತದೆ. 2021ರ ವರದಿಯಲ್ಲಿ ಅದು ಭಾರತವನ್ನು ಚುನಾವಣೆ ನಡೆಸುವ ನಿರಂಕುಶ ವ್ಯವಸ್ಥೆ ಎಂದು ವರ್ಗೀಕರಿಸಿತು. ನಮ್ಮ ಸರ್ಕಾರ ಅಂಥ ವರದಿಗಳನ್ನು ತಳ್ಳಿಹಾಕಿತು. ಜಗತ್ತಿನಾದ್ಯಂತ ಪ್ರಜಾಪ್ರಭುತ್ವ ಕುಸಿಯುತ್ತಿದೆ ಎಂಬ ಮಾತು ತಜ್ಞರ ಅಂದಾಜಿನಲ್ಲಿ ಕಾಣುವಷ್ಟು, ಅಧಿಕಾರದಲ್ಲಿದ್ದವರು ಚುನಾವಣೆಯಲ್ಲಿ ಸೋಲುವುದು ಮುಂತಾದ ಎಣಿಸಬಹುದಾದ ಸಂಗತಿಗಳಲ್ಲಿ ಕಾಣುವುದಿಲ್ಲ ಎಂದು ಆಂಡ್ರ್ಯೂ ಲಿಟಲ್ ಮತ್ತು ಆ್ಯನ್ ಮೆಂಗ್ 2024ರಲ್ಲಿ ವಾದಿಸಿದರು. ಇಬ್ಬರ ಮಾತನ್ನೂ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಒಂದು ದೇಶಕ್ಕೆ ಒಂದೇ ಅಂಕ ಕೊಟ್ಟು ಅದನ್ನು ಯುದ್ಧ ಶಾಂತಿಗಳ ಪಕ್ಕದಲ್ಲಿಟ್ಟು ನೋಡಿದಾಗ, ನಿಮ್ಮ ಮಂಡಿಯಲ್ಲಿ ಆ ದಿನ ಎದ್ದ ಪ್ರಶ್ನೆ ಲೆಕ್ಕಕ್ಕೇ ಬರುವುದಿಲ್ಲ.

ಉತ್ತರ: ತೀರ್ಥಹಳ್ಳಿ ಸಹಕಾರಿ

ಲೆಕ್ಕ ಹಾಕಿ ನೋಡೋಣ. ಸಿಪ್ಪೆ ಸಹಿತ ನೂರು ಕೆ.ಜಿ. ಹಸಿ ಅಡಿಕೆಯಿಂದ ಒಣ ಕೆಂಪಡಿಕೆ ಸಿಗುವುದು ಹನ್ನೆರಡು ಹದಿಮೂರು ಕೆ.ಜಿ. ಅಂದರೆ 17,000 ಟನ್ ಒಣಗಿದರೆ ಸುಮಾರು 2,200 ಟನ್. ದೇಶದ ಒಟ್ಟು ಉತ್ಪನ್ನ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು. ಶೇಕಡಾ 0.25ರಷ್ಟೂ ಇಲ್ಲ! ಇಷ್ಟರಿಂದ ಮಲೆನಾಡಿನ ಅಡಿಕೆ ಮುಳುಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಈ ಲೆಕ್ಕವನ್ನು ಅಧಿಸೂಚನೆಗೆ ಮೊದಲೇ ಯಾರಾದರೂ ಶಿವಮೊಗ್ಗಕ್ಕೆ ಬಂದು ಬೆಳೆಗಾರರ ಮುಂದೆ ಹೇಳಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತಿತ್ತು.

ನನಗೆ ಚಿಂತೆ ಇರುವುದು ಕಳ್ಳದಾರಿಯ ಅಡಿಕೆಯ ಬಗ್ಗೆ. ಆಮದು ಸುಂಕ ನೂರಕ್ಕೆ ನೂರು ಇರುವಾಗ, ಸುಂಕ ತಪ್ಪಿಸಿದವನಿಗೆ ಸಿಗುವ ಲಾಭವೂ ಅಷ್ಟೇ ದೊಡ್ಡದು. ಮ್ಯಾನ್ಮಾರ್ ಜೊತೆ ನಮಗೆ 1,643 ಕಿ.ಮೀ. ಗಡಿ ಇದೆ, ಬೆಟ್ಟ, ಕಾಡು, ತೊರೆ. ಮಿಜೋರಾಂನ ಚಂಫಾಯ್ ಜಿಲ್ಲೆಯಲ್ಲಿ ಅಸ್ಸಾಂ ರೈಫಲ್ಸ್‌ನವರು ಅಡಿಕೆ ಮೂಟೆಗಳನ್ನು ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿದ ಮೇಲೆ ಅಂತರ್ಯುದ್ಧ ಹಬ್ಬಿ, ಗಡಿಯ ಆಚೆ ಬದಿಯ ಹಲವು ಭಾಗಗಳು ಸರ್ಕಾರದ ಕೈಯಿಂದಲೇ ಜಾರಿವೆ. ಆ ಕಡೆ ಜವಾಬ್ದಾರಿಯುತ ಸರ್ಕಾರವೇ ಇಲ್ಲದಿದ್ದರೆ ನಾವು ಯಾರ ಜೊತೆ ಒಪ್ಪಂದ ಮಾಡಿಕೊಳ್ಳುವುದು? ನೆರೆಯ ದೇಶದಲ್ಲಿ ಪ್ರಜಾಪ್ರಭುತ್ವ ಬಿದ್ದದ್ದು ಪರೋಕ್ಷವಾಗಿ ನಮ್ಮ ಅಂಗಳದ ಅಡಿಕೆಗೂ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಉತ್ತರ: ಕೊಪ್ಪದ ಕಾಫಿ ಬೆಳೆಗಾರ

ನಮ್ಮ ಕಡೆಯದೂ ಒಂದು ಮಾತು. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶವನ್ನು ತೋರಿಸಬೇಕು. ಜಾರಿಯನ್ನು ಮುಂದೂಡಿದ್ದಾರೆ, ಕೈಬಿಟ್ಟಿಲ್ಲ. ಮರದ ನೆರಳಲ್ಲೇ ಕಾಫಿ ಬೆಳೆಯುವ ನಮಗೆ ಆ ಕಾನೂನಿನ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಅಂಗೀಕರಿಸಿದ್ದು ಅಲ್ಲಿನ ಮತದಾರರು ಆರಿಸಿದ ಸಂಸತ್ತು, ದಾಖಲೆ ಹೊಂದಿಸಬೇಕಾದವರು ಇಲ್ಲಿ ನಾವು. ಅದೇ ಯುರೋಪಿನ ಸಂಸತ್ತಿಗೆ ವ್ಯಾಪಾರ ಒಪ್ಪಂದಗಳನ್ನು ತಿರಸ್ಕರಿಸುವ ಅಧಿಕಾರವೂ ಇದೆ. ನಕಲಿ ಸರಕಿನ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದವನ್ನು 2012ರಲ್ಲಿ ಅದು ಭಾರೀ ಬಹುಮತದಿಂದ ತಳ್ಳಿಹಾಕಿತು. ನಮ್ಮ ಸಂಸದರಿಗೆ ಅಂಥ ಅಧಿಕಾರ ಏಕೆ ಇರಬಾರದು?

ಉತ್ತರ: ಸಾಗರದ ನಿವೃತ್ತ ಮೇಷ್ಟ್ರು

ಭೂತಾನದ ಕಡೆಯಿಂದಲೂ ನೋಡಬೇಕಪ್ಪ. ಅದು 2008ರಲ್ಲಿ ರಾಜರ ಇಚ್ಛೆಯಿಂದಲೇ ಪ್ರಜಾಪ್ರಭುತ್ವಕ್ಕೆ ಬಂದ ದೇಶ. 2013ರ ಜುಲೈನಲ್ಲಿ ಅಲ್ಲಿನ ಎರಡನೇ ಸಾರ್ವತ್ರಿಕ ಚುನಾವಣೆಯ ಕೊನೆಯ ಸುತ್ತಿಗೆ ಎರಡು ವಾರವೂ ಇಲ್ಲದಿದ್ದಾಗ, ಭಾರತ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಕೊಡುತ್ತಿದ್ದ ಸಬ್ಸಿಡಿ ನಿಂತುಹೋಯಿತು. ಹಿಂದಿನ ವರ್ಷ ಅಲ್ಲಿನ ಪ್ರಧಾನಿ ಜಿಗ್ಮೆ ಥಿನ್ಲೆ ಅವರು ರಿಯೋದಲ್ಲಿ ಚೀನಾದ ಪ್ರಧಾನಿಯನ್ನು ಭೇಟಿಯಾಗಿದ್ದರು. ಸಬ್ಸಿಡಿಯ ಅವಧಿ ಮುಗಿದಿತ್ತು ಎಂಬುದು ದೆಹಲಿಯ ವಿವರಣೆ. ಭೂತಾನದಲ್ಲಿ ಬಹಳ ಜನ ಅದನ್ನು ಎಚ್ಚರಿಕೆ ಎಂದೇ ಓದಿಕೊಂಡರು. ಥಿನ್ಲೆ ಅವರ ಪಕ್ಷ ಸೋತಿತು, ಸಬ್ಸಿಡಿ ಮರಳಿತು. ದೊಡ್ಡ ಪ್ರಜಾಪ್ರಭುತ್ವವೊಂದು ಪುಟ್ಟ ಪ್ರಜಾಪ್ರಭುತ್ವದ ಅಡುಗೆಮನೆಯನ್ನು ಹಾಗೆ ಅಲುಗಾಡಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ನಾಲ್ಕು ವರ್ಷದ ನಂತರ ಭೂತಾನ ತನ್ನದೆನ್ನುವ ಡೋಕ್ಲಾಮ್‌ನಲ್ಲಿ ಚೀನಾದ ಸೇನೆ ರಸ್ತೆ ಮಾಡಲು ಹೊರಟಾಗ ನಮ್ಮ ಸೈನಿಕರು ಹೋಗಿ ನಿಂತರು. ಅಂಥ ನೆರೆಯವರ ಒಂದಿಷ್ಟು ಅಡಿಕೆಗೆ ದಾರಿ ಕೊಡುವುದು ಭದ್ರತೆಯ ದೃಷ್ಟಿಯಿಂದ ದುಬಾರಿಯೇನಲ್ಲ. ಆದರೆ ಆ ಭಾರವನ್ನು ಅಡಿಕೆ ಬೆಳೆಯುವವನೊಬ್ಬನೇ ಹೊರಬೇಕೇ ಎಂದು ಕೇಳುವ ಹಕ್ಕು ನಿಮಗಿದೆ.

1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆಂದು ನಮ್ಮ ತಾಲ್ಲೂಕಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ ಅವರೇ, ಹಿಮಾಲಯದ ನೆರೆನಾಡುಗಳ ಬಗ್ಗೆ ದೇಶಕ್ಕೊಂದು ಹಿಮಾಲಯ ನೀತಿ ಬೇಕು ಎಂದು ಹೇಳುತ್ತ ಬಂದವರು. ಗೇಣಿದಾರನ ಹಕ್ಕು ಮತ್ತು ಟಿಬೆಟಿನ ಪ್ರಶ್ನೆ ಎರಡೂ ಒಬ್ಬನೇ ಮನುಷ್ಯನ ತಲೆಯಲ್ಲಿ ಒಟ್ಟಿಗೆ ಇದ್ದವು. ನಮ್ಮ ಜಿಲ್ಲೆಗೆ ಇದು ಹೊಸ ಚರ್ಚೆಯಲ್ಲ.

ಹೊಸನಗರದ ತೋಟಗಾರ

ಎಲ್ಲರಿಗೂ ಕೃತಜ್ಞತೆ. ಮೇಷ್ಟ್ರೇ, 2013ರ ಸಂಗತಿ ನನಗೆ ತಿಳಿದಿರಲಿಲ್ಲ. ಅದನ್ನು ಓದಿದ ಮೇಲೆ ಭೂತಾನದ ಬಾಗಿಲು ಮುಚ್ಚಿ ಎನ್ನಲು ಮನಸ್ಸೇ ಬರುವುದಿಲ್ಲ. ತೀರ್ಥಹಳ್ಳಿಯವರ ಲೆಕ್ಕವೂ ಸರಿ ಇದೆ.

ಹಾಗಾದರೆ ನನ್ನ ಬೇಡಿಕೆ ಇನ್ನೂ ಸ್ಪಷ್ಟವಾಯಿತು. ಒಂದು ಬೆಳೆಯ ಆಮದು ನಿಯಮ ಬದಲಾಗುವ ಮೊದಲು, ಆ ಬೆಳೆ ಹೆಚ್ಚಾಗಿರುವ ಜಿಲ್ಲೆಗಳ ಸಂಘಗಳನ್ನೂ ರಾಜ್ಯ ಸರ್ಕಾರವನ್ನೂ ಕೇಳಬೇಕು. ಕಾರಣವನ್ನು ಬರೆದು ಸಂಸತ್ತಿನ ಮುಂದಿಡಬೇಕು. ಭದ್ರತೆಯೇ ಕಾರಣವಾದರೆ ಅದನ್ನೂ ಹೇಳಲಿ, ಕೇಳಿಸಿಕೊಳ್ಳುವಷ್ಟು ದೇಶಪ್ರೇಮ ನಮಗಿದೆ. ನೆರೆಯ ದೇಶದ ಸ್ನೇಹಕ್ಕಾಗಿ ನಷ್ಟವಾಗುವುದಾದರೆ ಅದಕ್ಕೆ ಪರಿಹಾರದ ದಾರಿಯನ್ನು ಅದೇ ಆದೇಶದಲ್ಲಿ ತೋರಿಸಲಿ. ಕೊಪ್ಪದವರು ಕೇಳಿದ ಅಧಿಕಾರ ಸಂಸದರಿಗೆ ಸಿಗಲು ಸಂವಿಧಾನದ ಮಟ್ಟದ ಚರ್ಚೆ ಬೇಕಾದೀತು, ಅದು ನಿಧಾನದ ಕೆಲಸ. ಇದು ಈಗಲೇ ಆಗಬಹುದಾದದ್ದು.

ವಾಣಿಜ್ಯ ಇಲಾಖೆಯನ್ನು ನೋಡಿಕೊಳ್ಳುವ ಸಂಸದೀಯ ಸ್ಥಾಯಿ ಸಮಿತಿ ರಾಜ್ಯಸಭೆಯ ಅಡಿಯಲ್ಲಿದೆ. ಅದಕ್ಕೊಂದು ಮನವಿ ಬರೆಯುತ್ತಿದ್ದೇನೆ, ನಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿ ಸಹಿ ಪಡೆಯುವ ಯೋಚನೆ ಇದೆ. ಮೇಡಂ, 253ನೇ ವಿಧಿಯ ಭಾಗವನ್ನು ನೀವು ಒಮ್ಮೆ ನೋಡಿ ತಿದ್ದಿಕೊಟ್ಟರೆ ಉಪಕಾರ. ತೀರ್ಥಹಳ್ಳಿಯವರೇ, 2022ರ ಸೆಪ್ಟೆಂಬರ್‌ನಿಂದ 2023ರ ಫೆಬ್ರವರಿವರೆಗಿನ ರಾಶಿ ಇಡಿ ಮತ್ತು ಬೆಟ್ಟೆ ಬಗೆಗಳ ದರಪಟ್ಟಿ ನಿಮ್ಮ ಬಳಿ ಇದ್ದರೆ ಕಳಿಸಿಕೊಡಿ. ಭೂತಾನದ ಸುದ್ದಿಗೂ ದರದ ಏರಿಳಿತಕ್ಕೂ ನಂಟಿತ್ತೋ ಇಲ್ಲವೋ ಎಂಬುದನ್ನು ತಾಳೆ ನೋಡಿಯೇ ಮನವಿಯಲ್ಲಿ ಬರೆಯಬೇಕು.