ಧಾರವಾಡದ ಸುದ್ದಿಯೆಲ್ಲ ಅಡುಗೆ ವಿಭಾಗಕ್ಕೆ ಹೋಗುತ್ತಿದೆ: ಕನ್ನಡ ಪಠ್ಯ ವರ್ಗೀಕರಣದ ತೊಂದರೆ

ಸುದ್ದಿಚೀಲ:
ಎಲ್ಲರಿಗೂ ನಮಸ್ಕಾರ. ಕನ್ನಡ ಲೇಖನಗಳನ್ನು ಕೃಷಿ, ಕ್ರೀಡೆ, ಅಡುಗೆ, ಜಿಲ್ಲಾ ಸುದ್ದಿ, ಸಾಹಿತ್ಯ ಎಂದು ತಾನೇ ವಿಂಗಡಿಸುವ ಒಂದು ಸಣ್ಣ ಪ್ರೋಗ್ರಾಂ ಮಾಡುತ್ತಿದ್ದೇನೆ. ಪೈಥಾನ್ ಭಾಷೆ, ಅದರಲ್ಲಿ ಯಂತ್ರಕಲಿಕೆಗೆ ಬಳಸುವ ಸೈಕಿಟ್‌ಲರ್ನ್, ಯಾವ ಪದಕ್ಕೆ ಎಷ್ಟು ತೂಕವೆಂದು ಲೆಕ್ಕ ಹಾಕುವ ಟಿಎಫ್‌ಐಡಿಎಫ್, ಅದರ ಮೇಲೆ ವಿಭಾಗ ತೀರ್ಮಾನಿಸುವ ಲಾಜಿಸ್ಟಿಕ್ ರಿಗ್ರೆಶನ್. ಇಂಗ್ಲಿಷ್ ಲೇಖನ ಕೊಟ್ಟರೆ ಇದೇ ಕೋಡ್ ಚೆನ್ನಾಗಿ ಓಡುತ್ತದೆ. ಕನ್ನಡ ಕೊಟ್ಟರೆ ಧಾರವಾಡದ ಸುದ್ದಿಗಳು ಸಾಲುಸಾಲಾಗಿ ಅಡುಗೆ ವಿಭಾಗಕ್ಕೆ ಹೋಗುತ್ತಿವೆ. ಪೇಡದ ಲೇಖನಗಳು ಹೆಚ್ಚಿದ್ದರಿಂದ ಹೀಗಿರಬಹುದೆಂದು ಅವನ್ನು ತೆಗೆದು ನೋಡಿದೆ, ಏನೂ ಬದಲಾಗಲಿಲ್ಲ. ಮಾದರಿ ಕಲಿತ ಪದಗಳ ಪಟ್ಟಿ ತೆಗೆದರೆ ಅದರಲ್ಲಿ "ಗಳ", "ರವ", "ತಕ", "ನಡ" ಇಂಥವೇ ತುಂಬಿವೆ. ನೂರಾರು ಲೇಖನಗಳಲ್ಲಿ ಇರುವ "ಮೈಸೂರು" ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಗೂಗಲ್‌ನ ಭಾಷಾ ಮಾದರಿ ಬರ್ಟ್‌ಗೆ ಹೋಗು ಎಂದು ಗೆಳೆಯರೊಬ್ಬರು ಹೇಳಿದರು. ಬಹುಭಾಷಾ ಬರ್ಟ್‌ನ ಅನ್‌ಕೇಸ್ಡ್ (ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳ ಭೇದ ಮಾಡದ) ಆವೃತ್ತಿ ಹಾಕಿದೆ. ಅಲ್ಲಿ "ಕವಿ", "ಕಿವಿ" ಎರಡಕ್ಕೂ ಒಂದೇ ಟೋಕನ್ (ಮಾದರಿ ಓದುವ ಪದ ಅಥವಾ ಪದದ ತುಣುಕು) ಬರುತ್ತಿದೆ. ಎಲ್ಲಿ ಹುಡುಕಬೇಕು?

ತೆಂಗಿನಗರಿ:
ನಿಮ್ಮ ಮಾದರಿಯಲ್ಲಿ ದೋಷವಿಲ್ಲ. ಪದ ಒಡೆಯುವ ಹಂತದಲ್ಲೇ ಕನ್ನಡ ಚೂರಾಗುತ್ತಿದೆ.

ಪಠ್ಯವನ್ನು ಸಂಖ್ಯೆಗಳಾಗಿಸುವ ಟಿಎಫ್‌ಐಡಿಎಫ್ ವೆಕ್ಟರೈಸರ್ ತಾನಾಗಿ ಬಳಸುವ ಟೋಕನ್ ಪ್ಯಾಟರ್ನ್‌ನಲ್ಲಿ, ಅಂದರೆ ಪದ ಗುರುತಿಸುವ ಸೂತ್ರದಲ್ಲಿ, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಇದೆ. ಎರಡು ಅಥವಾ ಹೆಚ್ಚು "ಪದಾಕ್ಷರ" ಒಟ್ಟಿಗೆ ಬಂದರೆ ಮಾತ್ರ ಅದಕ್ಕೆ ಪದ. ಪೈಥಾನ್‌ನಲ್ಲಿ ಇಂಥ ಸೂತ್ರ ಓದುವ ರೀ ಮಾಡ್ಯೂಲಿನ ಪ್ರಕಾರ ಪದಾಕ್ಷರ ಎಂದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್. ನಮ್ಮ ಕೊಂಬು, ಇಳಿ, ಏತ್ವ, ಸೊನ್ನೆ, ವಿರಾಮ (ವ್ಯಂಜನದ ಅಕಾರ ಕಳೆಯುವ ಗುರುತು) ಯಾವುದೂ ಯೂನಿಕೋಡ್ ವರ್ಗೀಕರಣದಲ್ಲಿ ಅಕ್ಷರವಲ್ಲ, ಅವೆಲ್ಲ ಜೋಡಿಸುವ ಗುರುತುಗಳು. ಹಾಗಾಗಿ ಅವು ಬಂದಲ್ಲೆಲ್ಲ, ಜಾಗ ಬಿಟ್ಟಂತೆ, ಪದ ತುಂಡಾಗುತ್ತದೆ.

ಕೈಯಲ್ಲೇ ಮಾಡಿ ನೋಡಿ. "ಕನ್ನಡ" ಎಂದರೆ ಕ, ನ, ವಿರಾಮ, ನ, ಡ. ವಿರಾಮದ ಹತ್ತಿರ ಮುರಿದರೆ "ಕನ", "ನಡ". "ಪುಸ್ತಕ"ದಲ್ಲಿ ಪ, ಸ ಒಂಟಿಯಾಗುತ್ತವೆ, ಒಂಟಿ ಅಕ್ಷರವನ್ನು ಎಸೆಯುತ್ತಾರೆ, ಉಳಿಯುವುದು "ತಕ". "ಬೆಂಗಳೂರು" ಹೋಗಿ "ಗಳ". "ಮೈಸೂರು" ಪದದಲ್ಲಿ ಮ, ಸ, ರ ಮೂರೂ ಒಂಟಿ, ಆದ್ದರಿಂದ ಊರೇ ಮಾಯ. ಈಗ "ಧಾರವಾಡ" ಒಡೆಯಿರಿ: ದೀರ್ಘಗಳ ನಡುವೆ "ರವ" ಸಿಗುತ್ತದೆ. "ರವೆ"ಯ ಏತ್ವ ಹೋದರೂ ಉಳಿಯುವುದು "ರವ". ನಿಮ್ಮ ಅಡುಗೆ ಲೇಖನಗಳಲ್ಲಿ ರವೆ ಉಪ್ಪಿಟ್ಟು, ರವೆ ಉಂಡೆ, ರವೆ ಇಡ್ಲಿ ಧಾರಾಳವಾಗಿ ಇರಲೇಬೇಕು!

ಪರಿಹಾರ ಸುಲಭ. ಟೋಕನ್ ಪ್ಯಾಟರ್ನ್ ಆಯ್ಕೆಗೆ ನಿಮ್ಮದೇ ಸೂತ್ರ ಕೊಡಿ: ಚೌಕ ಆವರಣದೊಳಗೆ ಯೂನಿಕೋಡ್‌ನ ಕನ್ನಡ ಬ್ಲಾಕ್ ಪೂರ್ತಿ, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ 128 ಸ್ಥಾನಗಳು, ಅದರ ಜೊತೆ 200ಸಿ ಮತ್ತು 200ಡಿ, ಹೊರಗೊಂದು ಪ್ಲಸ್ ಚಿಹ್ನೆ. ಈ ಕೊನೆಯ ಎರಡು ಕಣ್ಣಿಗೆ ಕಾಣದ ಬೇರ್ಪಡಕ ಮತ್ತು ಜೋಡಕ. ಇವನ್ನು ಬಿಟ್ಟರೆ "ಸಾಫ್ಟ್‌ವೇರ್" ಮತ್ತೆ ಎರಡು ತುಂಡಾಗುತ್ತದೆ.

ಬಯಲುಸೀಮೆ:
ಮೇಲಿನದು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಲೇಖನಗಳು ಬೇರೆಬೇರೆ ಕಡೆಯಿಂದ ಬಂದಿದ್ದರೆ, ಅದರಲ್ಲೂ ಹಳೆಯ ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ಪರಿವರ್ತನೆಯಾಗಿದ್ದರೆ, ನೋಡಲು ಒಂದೇ ಇರುವ ಪದಗಳು ಒಳಗೆ ಬೇರೆ ಇರುತ್ತವೆ. "ಕೊ" ಬರೆಯಲು ಒತ್ವಕ್ಕೆ ಒಂದೇ ಸಂಕೇತವಿದೆ, ಏತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಸೇರಿಸಿ ಬರೆದರೂ ಪರದೆಯ ಮೇಲೆ ಅದೇ ಕಾಣುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿ ಎಂಬ, ಬಿಡಿ ಗುರುತುಗಳನ್ನು ಕೂಡಿಸಿದ ರೂಪಕ್ಕೆ ತಂದರೆ ಇವು ಒಂದಾಗುತ್ತವೆ. ಆ ಎರಡು ಗುರುತುಗಳು ಹಿಂದುಮುಂದಾಗಿದ್ದರೆ ಮಾತ್ರ ಎನ್‌ಎಫ್‌ಸಿ ಸರಿಮಾಡುವುದಿಲ್ಲ, ಅದಕ್ಕೆ ಬೇರೆ ನಿಯಮ ಬರೆಯಬೇಕು.

ಇನ್ನೊಂದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ. "ಬೆಂಗಳೂರು" ಮತ್ತು "ಬೆ೦ಗಳೂರು" ಎರಡನ್ನೂ ನಕಲು ಮಾಡಿಕೊಂಡು ಹೋಲಿಸಿ, ಯಂತ್ರಕ್ಕೆ ಇವು ಬೇರೆಬೇರೆ. ಸೊನ್ನೆಯ ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಅನುಸ್ವಾರ ಮಾಡಿ, ಅಂಕಿ ಇದ್ದರೆ ಮುಟ್ಟಬೇಡಿ. "ರ್ಯಾಂಕ್", "ರ‍್ಯಾಂಕ್" ಥರದವಕ್ಕೆ ಪದ ಹೋಲಿಸುವಾಗ ಮಾತ್ರ ಕಾಣದ ಜೋಡಕ ತೆಗೆಯಿರಿ. ಮೂಲ ಪಠ್ಯ ಹಾಗೇ ಇರಲಿ, ಓದುವವರಿಗೆ ಅದು ಬೇಕು.

ಸುದ್ದಿಚೀಲ:
ಇಬ್ಬರಿಗೂ ತುಂಬಾ ಧನ್ಯವಾದ. ಪ್ಯಾಟರ್ನ್ ಬದಲಿಸಿದ ಕೂಡಲೇ ಧಾರವಾಡ ಜಿಲ್ಲಾ ಸುದ್ದಿಗೆ ಬಂತು, ಮೈಸೂರೂ ಸಿಕ್ಕಿತು. ಅಂಕಿ ಸೊನ್ನೆಗಳು ನಿಜಕ್ಕೂ ರಾಶಿ ಇದ್ದವು.

ಈಗ ಮುಂದಿನ ತೊಡಕು. ಪದಗಳ ಪಟ್ಟಿ ವಿಪರೀತ ಬೆಳೆದಿದೆ. ಊರು, ಊರನ್ನು, ಊರಿಗೆ, ಊರಿಂದ, ಊರಲ್ಲಿ, ಊರಲ್ಲೂ ಎಲ್ಲ ಬೇರೆಬೇರೆ ಪದಗಳಾಗಿ ಕೂತಿವೆ. ಕೊನೆಯ ಪ್ರತ್ಯಯ ಕತ್ತರಿಸಲು ಪಟ್ಟಿ ಮಾಡಿಕೊಂಡೆ: ಅನ್ನು, ಇಂದ, ಗೆ, ಅಲ್ಲಿ. ಆದರೆ "ಊರಲ್ಲಿ" ಪದದ ಕೊನೆಯಲ್ಲಿ "ಅಲ್ಲಿ" ಇದೆ ಎಂದು ಪ್ರೋಗ್ರಾಂ ಒಪ್ಪುವುದೇ ಇಲ್ಲ.

ಕನ್ನಡಮೇಷ್ಟ್ರು:
ಅದು ಒಪ್ಪದಿರುವುದು ಸಹಜ. "ಊರಲ್ಲಿ" ಬರಹದಲ್ಲಿ ಅ ಎಂಬ ಅಕ್ಷರವೇ ಇಲ್ಲ, ಅದು ರ ಒಳಗೆ ಅಡಗಿದೆ. ಸಂಧಿ ನಡೆಯುವುದು ಧ್ವನಿಯಲ್ಲಿ, ನೀವು ಹುಡುಕುತ್ತಿರುವುದು ಲಿಪಿಯಲ್ಲಿ.

ಶಾಲೆಯಲ್ಲಿ ಅಕ್ಷರ ಬಿಡಿಸಿ ಬರೆಯುತ್ತಿದ್ದೆವಲ್ಲ, ಮೊದಲು ಅದನ್ನೇ ಮಾಡಿ. ಊ-ರ್-ಅ-ಲ್-ಲ್-ಇ. ಊ-ರ್-ಇ-ಗ್-ಎ. ಊ-ರ್-ಅ-ನ್-ನ್-ಉ. ಈಗ ಎಲ್ಲದರ ಮೊದಲಲ್ಲೂ "ಊರ್" ನಿಚ್ಚಳವಾಗಿ ಕಾಣುತ್ತದೆ, ಪ್ರತ್ಯಯವೂ ಕೈಗೆ ಸಿಗುತ್ತದೆ. ಪ್ರತಿ ಧ್ವನಿಗೂ ಒಂದೇ ಸಂಕೇತ ಇರುವ ಲಿಪ್ಯಂತರ ಬಳಸಿದರೆ ಕೆಲಸ ಹಗುರ. ಭಾರತೀಯ ಭಾಷೆಗಳ ಗಣಕ ಸಂಸ್ಕರಣೆಗೆಂದು ಐಐಟಿ ಕಾನ್ಪುರದಲ್ಲಿ ಹುಟ್ಟಿದ ಡಬ್ಲ್ಯುಎಕ್ಸ್ ಪದ್ಧತಿ ಅಂಥದ್ದು. ಯಾವ ಕೋಷ್ಟಕ ತೆಗೆದುಕೊಂಡರೂ ಎ–ಏ, ಒ–ಓ ಬೇರೆಯಾಗಿವೆಯೇ ಎಂದು ಮೊದಲು ನೋಡಿ. ಸಂಸ್ಕೃತಕ್ಕೆ ಆ ಹ್ರಸ್ವಗಳು ಬೇಕಿಲ್ಲ, ನಮಗೆ ಅವಿಲ್ಲದೆ ನಡೆಯುವುದಿಲ್ಲ.

ಆಮೇಲೂ ಬರೀ ಕತ್ತರಿ ಸಾಲದು. ಊರು, ಗುರು ಎರಡೂ ಉಕಾರಾಂತ. ಒಂದು "ಊರನ್ನು", ಇನ್ನೊಂದು "ಗುರುವನ್ನು". ಮರ, ಅಣ್ಣ ಎರಡೂ ಅಕಾರಾಂತ. "ಮರದಲ್ಲಿ", ಆದರೆ "ಅಣ್ಣನಲ್ಲಿ". ಅಣ್ಣ ಮನುಷ್ಯ ಎಂಬುದು ಗೊತ್ತಿಲ್ಲದ ಯಂತ್ರಕ್ಕೆ ನಕಾರ ಎಲ್ಲಿಂದ ಬಂತೆಂದು ತಿಳಿಯುವುದು ಹೇಗೆ? ಕನ್ನಡದ ವಿಭಕ್ತಿಯೊಳಗೆ ಲಿಂಗವೂ ಅರ್ಥವೂ ಸೇರಿಕೊಂಡಿವೆ. ಕತ್ತರಿಸಿ ಉಳಿದದ್ದು ನಿಘಂಟಿನಲ್ಲಿ ಇದ್ದರೆ ಮಾತ್ರ ಒಪ್ಪಿ. ಇಲ್ಲದಿದ್ದರೆ "ಹಲ್ಲಿ"ಯಿಂದ "ಅಲ್ಲಿ" ತೆಗೆದು ಬರೀ ಹಕಾರ ಉಳಿಸಿಕೊಳ್ಳುತ್ತೀರಿ, "ಸಂಪಿಗೆ" ಹೋಗಿ "ಸಂಪಿ" ಆಗುತ್ತದೆ.

ತೆಂಗಿನಗರಿ:
ಮೇಷ್ಟ್ರ ದಾರಿ ಹುಡುಕಾಟಕ್ಕೂ ವ್ಯಾಕರಣ ವಿಶ್ಲೇಷಣೆಗೂ ಬೇಕೇ ಬೇಕು. ನಿಮ್ಮದು ವರ್ಗೀಕರಣ ಮಾತ್ರವಾದರೆ ಇನ್ನೊಂದು ಹತ್ತಿರದ ದಾರಿಯಿದೆ. ವೆಕ್ಟರೈಸರಿನ ಅನಲೈಸರ್ ಆಯ್ಕೆಯಲ್ಲಿ ಪದದ ಬದಲು, ಪದದ ಗಡಿಯೊಳಗಿನ ಅಕ್ಷರಗುಚ್ಛ (ಪಕ್ಕಪಕ್ಕದ ಕೆಲವು ಅಕ್ಷರಗಳ ತುಣುಕು) ಆರಿಸಿ, ಉದ್ದ 3ರಿಂದ 6. ಬಿಡಿಸಿ ಬರೆದ ಪಠ್ಯದ ಮೇಲೆ ಮಾಡಿದರೆ ಊರಿನ ಎಲ್ಲ ರೂಪಗಳಿಗೂ ಒಂದೆರಡು ಗುಚ್ಛ ಸಮಾನವಾಗಿರುತ್ತವೆ, ನಿಯಮವೇ ಬೇಡ. ಪದಗಳನ್ನು ಪದವೆಕ್ಟರ್, ಅಂದರೆ ಸಂಖ್ಯೆಗಳ ಸಾಲು, ಆಗಿಸುವ ಫಾಸ್ಟ್‌ಟೆಕ್ಸ್ಟ್ ಮಾಡುವುದೂ ಇದನ್ನೇ, ಪದವೆಕ್ಟರ್ ಕಲಿಸುವಾಗ ಅದರ ಡಿಫಾಲ್ಟ್ ಉದ್ದವೂ 3ರಿಂದ 6. ಫಾಸ್ಟ್‌ಟೆಕ್ಸ್ಟ್ ತಂಡ 2018ರಲ್ಲಿ 157 ಭಾಷೆಗಳಿಗೆ ಬಿಟ್ಟ ಪದವೆಕ್ಟರ್‌ಗಳಲ್ಲಿ ಕನ್ನಡವೂ ಇದೆ.

ಬರ್ಟ್ ಪ್ರಶ್ನೆಗೆ ಉತ್ತರ ಕೊಡಲಿಲ್ಲ ನೋಡಿ. ಅನ್‌ಕೇಸ್ಡ್ ಆವೃತ್ತಿ ಲ್ಯಾಟಿನ್ ಅಕ್ಷರಗಳ ಮೇಲಿನ ಸ್ವರಭಾರ ತೆಗೆಯಲೆಂದು ಪಠ್ಯವನ್ನು ಬಿಡಿಸಿ, ಜಾಗ ಹಿಡಿಯದ ಗುರುತುಗಳ ವರ್ಗವನ್ನೇ ಅಳಿಸುತ್ತದೆ. ಕನ್ನಡದ ಗುಡಿಸು, ಏತ್ವ, ವಿರಾಮ ಆ ವರ್ಗದಲ್ಲಿವೆ. ಅದಕ್ಕೇ ಕವಿ, ಕಿವಿ ಎರಡೂ "ಕವ". ಇದಕ್ಕಿಂತ ಅಪಾಯದ್ದು: "ಕೊಡು" ಪದದ ಒತ್ವ ಬಿಡಿಸಿದಾಗ ಏತ್ವ ಮತ್ತು ಕೊಂಬಿನ ದೀರ್ಘ ಆಗುತ್ತದೆ, ಏತ್ವ ಅಳಿಸಿದರೆ "ಕೂಡು" ಉಳಿಯುತ್ತದೆ. ಅದೂ ಕನ್ನಡದ ಪದವೇ ಆದ್ದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕೇಸ್ಡ್ ಆವೃತ್ತಿ ಬಳಸಿ, ಲ್ಯಾಟಿನ್ ಅಲ್ಲದ ಲಿಪಿಗಳಿಗೆ ಗೂಗಲ್ ಕೂಡ ಅದನ್ನೇ ಶಿಫಾರಸು ಮಾಡಿದೆ. ಓದುಗರ ಪ್ರತಿಕ್ರಿಯೆಗಳಲ್ಲಿ ಇಂಗ್ಲಿಷ್ ಲಿಪಿಯ ಕನ್ನಡ ಹೆಚ್ಚಿದ್ದರೆ ಭಾರತೀಯ ಭಾಷೆಗಳಿಗೆಂದೇ ಮಾಡಿದ ಬರ್ಟ್ ಮಾದರಿ ಮ್ಯೂರಿಲ್ ನೋಡಿ, ಅದಕ್ಕೆ ಲಿಪ್ಯಂತರ ಪಠ್ಯದ ಮೇಲೂ ತರಬೇತಿ ಆಗಿದೆ.

ಸುದ್ದಿಚೀಲ:
ಬಿಡಿಸಿ ಬರೆದು ಅಕ್ಷರಗುಚ್ಛ ಹಾಕಿದೆ, ವಿಂಗಡಣೆ ಬಹಳ ಸುಧಾರಿಸಿತು. ಹುಡುಕಾಟಕ್ಕೆ ಮೇಷ್ಟ್ರು ಹೇಳಿದ ನಿಘಂಟಿನ ಪರೀಕ್ಷೆಯನ್ನೂ ಸೇರಿಸಿದ್ದೇನೆ. ಒಂದು ಪದ ಮಾತ್ರ ಬಗೆಹರಿಯಲಿಲ್ಲ: "ಹೋಳಿಗೆ". "ಗೆ" ತೆಗೆದರೆ "ಹೋಳಿ", ನಿಘಂಟಿನಲ್ಲಿದೆ. ತೆಗೆಯದಿದ್ದರೂ "ಹೋಳಿಗೆ", ಅದೂ ಇದೆ.

ಕನ್ನಡಮೇಷ್ಟ್ರು:
ಅದನ್ನು ಪದದ ಮಟ್ಟದಲ್ಲಿ ಬಗೆಹರಿಸಲು ಹೋಗಬೇಡಿ. "ನಾಳೆ ಹೋಳಿಗೆ ರಜೆ", "ನಾಳೆ ಹೋಳಿಗೆ ಊಟ". ಪದ ಒಂದೇ, ತೀರ್ಮಾನಿಸುವುದು ಪಕ್ಕದ ಪದ. ಎರಡು ವಿಶ್ಲೇಷಣೆಗಳನ್ನೂ ಇಟ್ಟುಕೊಂಡು ಸೂಚಿಯಲ್ಲಿ ಎರಡರ ಕೆಳಗೂ ಸೇರಿಸಿ, ಹುಡುಕುವವರಿಗೆ ಎರಡೂ ಸಿಗಲಿ. ಒಂದನ್ನೇ ಆರಿಸಬೇಕೆಂದರೆ ಅಕ್ಕಪಕ್ಕದ ಪದ ನೋಡುವ ಮಾದರಿ ಬೇಕು. ಕೇಸ್ಡ್ ಬರ್ಟ್‌ಗೆ ಮೊದಲು ಈ ಎರಡು ವಾಕ್ಯಗಳನ್ನೇ ಕೊಟ್ಟು, ಎರಡು ಕಡೆ "ಹೋಳಿಗೆ"ಯ ವೆಕ್ಟರ್ ಎಷ್ಟು ದೂರ ನಿಲ್ಲುತ್ತದೆ ನೋಡಿ ಇಲ್ಲಿ ಹಾಕಿ.