ಪ್ಲೇಸ್‌ಮೆಂಟ್ ಆಯ್ತಂತೆ, ಪ್ಯಾಕೇಜ್ ಎಷ್ಟು?

ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುವುದು, ಎರಡನೇ ಸುತ್ತೂ ಹಾಕಿದೆವು ಎಂದು ಮನೆಯಲ್ಲಿ ಹೇಳಲು ಬೇಕಾದಷ್ಟು ಹೊತ್ತು ಬೆಂಚಿನ ಮೇಲೆ ಕೂರುವುದು. ಇದು ನಮ್ಮ ನಾಲ್ವರ ವ್ಯಾಯಾಮ. ಮೊನ್ನೆ ಹಾಗೆ ಕೂತಾಗ, "ನಮ್ಮಕ್ಕನ ಮಗಳಿಗೆ ಪ್ಲೇಸ್‌ಮೆಂಟ್ ಆಯ್ತು ಕಣ್ರಯ್ಯ" ಅಂದುಬಿಟ್ಟೆ.

"ಭೇಷ್! ಪ್ಯಾಕೇಜ್ ಎಷ್ಟು?" ಅಂದ ಸೀನ. ಬ್ಯಾಂಕಿನಿಂದ ರಿಟೈರಾದರೂ ಅಂಕಿ ಕೇಳದೆ ಅವನಿಗೆ ಕಾಫಿ ಇಳಿಯುವುದಿಲ್ಲ.

"ಎರಡು ಇಡ್ಲಿ, ಒಂದು ವಡೆ. ಚಟ್ನಿ ಬೇರೆ ಪ್ಯಾಕೆಟ್ಟು."

ಆಮೇಲೆ ಬಿಡಿಸಿ ಹೇಳಬೇಕಾಯಿತು. ಹುಡುಗಿ ಓದುತ್ತಿರುವುದು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ವಾರಕ್ಕೆ ಎರಡು ದಿನ ಒಂದು ಸಂಸ್ಥೆಗೆ ಹೋಗಿ ಫೀಲ್ಡ್‌ವರ್ಕ್ ಮಾಡಿ, ರಿಪೋರ್ಟ್ ಬರೆದು, ಮೇಷ್ಟ್ರ ಸೈನ್ ಹಾಕಿಸಬೇಕು. ಅದಕ್ಕೂ ಪ್ಲೇಸ್‌ಮೆಂಟ್ ಅಂತಲೇ ಹೆಸರು. ಇವಳನ್ನು ಹಾಕಿದ್ದು ಒಂದು ವೃದ್ಧಾಶ್ರಮಕ್ಕೆ. ಹೋದ ಭಾನುವಾರ ಅದರ ಸಹಾಯಾರ್ಥ ತಿಂಡಿ ಮೇಳವಿತ್ತಲ್ಲ, ಅಲ್ಲಿ ಸ್ವಯಂಸೇವಕರಿಗೆ ಸಹಾಯ ಮಾಡುವುದು ಇವಳ ಡ್ಯೂಟಿ.

"ಅಂದ್ರೆ ಬಿಟ್ಟಿ ಕೆಲಸ ಮಾಡೋರಿಗೆ ಇವಳು ಬಿಟ್ಟಿ ಸಹಾಯ ಮಾಡ್ಬೇಕು, ಅದಕ್ಕೆ ನಿಮ್ಮ ಭಾವ ಫೀಸು ಕಟ್ಬೇಕು" ಅಂದ ಪುಟ್ಟಸ್ವಾಮಿ.

ರಂಗಣ್ಣನಿಗೆ ಸಿಟ್ಟು ಬಂತು. ಕಾಲೇಜಿನಲ್ಲಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ನೋಡಿಕೊಂಡವನು. "ಸೇವೆ ಅಂದ್ರೆ ಏನಂದ್ಕೊಂಡೆ? 1969, ಗಾಂಧಿ ಶತಮಾನೋತ್ಸವದ ವರ್ಷ ಶುರುವಾದದ್ದು ಎನ್‌ಎಸ್‌ಎಸ್. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಅದರ ಧ್ಯೇಯವಾಕ್ಯ ಗೊತ್ತೇನೋ ನಿಂಗೆ? 'ನಾನಲ್ಲ, ನೀನು'!"

"ಓ, ಆ ವೃದ್ಧಾಶ್ರಮದ ಸ್ವಯಂಸೇವಕರೆಲ್ಲ ಎನ್‌ಎಸ್‌ಎಸ್‌ನೋರೇ ಹಾಗಾದ್ರೆ" ಅಂದೆ. ಬೆಳಿಗ್ಗೆ ಏಳಕ್ಕೆ ವ್ಯಾನಿನಿಂದ 200 ಪ್ಲಾಸ್ಟಿಕ್ ಕುರ್ಚಿ ಇಳಿಸಬೇಕಿತ್ತಂತೆ. ಹದಿನಾಲ್ಕು ಜನ, ಎಲ್ಲರ ಎದೆ ಮೇಲೂ ಬ್ಯಾಡ್ಜು. ಒಬ್ಬರನ್ನೊಬ್ಬರು ನೋಡಿಕೊಂಡು, ನಾನಲ್ಲ ನೀನು, ನಾನಲ್ಲ ನೀನು ಅಂತ ಕಣ್ಣಲ್ಲೇ ಹೇಳಿ, ಕೊನೆಗೆ ಹದಿನಾಲ್ಕು ಜೊತೆ ಕಣ್ಣೂ ಪ್ಲೇಸ್‌ಮೆಂಟ್ ಹುಡುಗಿ ಮೇಲೆ ನಿಂತವಂತೆ. ಬ್ಯಾಡ್ಜ್ ಇಲ್ಲದವಳು ಅವಳೊಬ್ಬಳೇ.

"ಕುರ್ಚಿ ಹೊರಬಹುದು ಮಾರಾಯ, ಕೈಯೊಡ್ಡಿ ಕೇಳೋದಿದೆಯಲ್ಲ, ಅದು ಕಷ್ಟ" ಅಂದ ಪುಟ್ಟಸ್ವಾಮಿ, ಇದ್ದಕ್ಕಿದ್ದಂತೆ ಮೆತ್ತಗಾಗಿ. ಎನ್‌ಸಿಸಿಯಲ್ಲಿದ್ದಾಗ ಡಿಸೆಂಬರ್ 7ಕ್ಕೆ, ಸೇನಾ ಧ್ವಜ ದಿನಾಚರಣೆಗೆ, ಕಾಗದದ ಬಾವುಟ ಹಿಡಿದು ಇವನು ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತಿದ್ದನಂತೆ. ಜೇಬಿಗೆ ಬಾವುಟ ಚುಚ್ಚಲು ಹೋಗಿ ಒಬ್ಬರ ಎದೆಗೇ ಗುಂಡುಸೂಜಿ ಚುಚ್ಚಿದ. "ಅವರು ಬೈಲಿಲ್ಲ. ಇನ್ನೊಂದು ಸಲ ಚುಚ್ಚಿಯಾನು ಅಂತ ಹೆದರಿ ಎರಡು ರೂಪಾಯಿ ಕೊಟ್ಟು ಓಡಿದ್ರು."

ಮೇಳದಲ್ಲಿ ಸೂಜಿಯ ಕಾಟವೇನೂ ಇರಲಿಲ್ಲ. ಒಬ್ಬರು ಮಾತ್ರ ಮಸಾಲೆ ದೋಸೆ ಕೂಪನ್ ಕೊಂಡು, ದೋಸೆ ತಿಂದು, ಬಾಯಿ ಒರೆಸಿಕೊಂಡು ಬಂದು, ದಾನಕ್ಕೆ ತೆರಿಗೆ ವಿನಾಯಿತಿ ಪಡೆಯುವ 80ಜಿ ರಸೀದಿ ಕೇಳಿದರಂತೆ. ಸೀನ ಬೆನ್ನು ನೆಟ್ಟಗೆ ಮಾಡಿದ. ಅವನ ಸಬ್ಜೆಕ್ಟು ಬಂತು.

"ದೋಸೆ ಹೊಟ್ಟೆಗೆ ಹೋದ್ಮೇಲೆ ಅದು ವ್ಯಾಪಾರ ಕಣಯ್ಯ, ದಾನ ಎಲ್ಲಿಂದ ಬಂತು? ದಾನ ಅಂದ್ರೂ ನಗದು 2,000 ರೂಪಾಯಿ ದಾಟಿದ್ರೆ ವಿನಾಯಿತಿ ಇಲ್ಲ. ಮೊದಲು 10,000 ಇತ್ತು, 2017ರ ಬಜೆಟ್‌ನಲ್ಲಿ ಇಳಿಸಿದ್ರು. ತೆರಿಗೆಯ ಹೊಸ ಪದ್ಧತಿಗೆ ಹೋದೋರಿಗೆ ಅದೂ ಇಲ್ಲ. ದಾನ ಮಾಡೋನು ಲೆಕ್ಕ ಇಟ್ಟು, ಕೈಬಿಚ್ಚಿ ಮಾಡ್ಬೇಕು." ಹೀಗೆ ಹತ್ತು ನಿಮಿಷ. ಪಕ್ಕದ ಮರದ ಕೊಕ್ಕರೆಯೂ ಎದ್ದು ಹೋಯಿತು.

"ಕೈಬಿಚ್ಚಿ ಅಂದ್ಯಲ್ಲ, ಇದನ್ನ ಕೇಳು" ಅಂತ ಮೊಬೈಲ್ ತೆಗೆದೆ. ಕಾಗುಣಿತ ತಿದ್ದಿ ಕೊಡಿ ಮಾವ ಅಂತ ಹುಡುಗಿ ರಿಪೋರ್ಟ್ ಕಳಿಸಿದ್ದಳು. ದೇಣಿಗೆಯ ಮೇಜಿನ ಮೇಲೆ ಕ್ಯೂಆರ್ ಕೋಡು, ಪಕ್ಕದಲ್ಲಿ ಹಣ ಬಂದರೆ ಕೂಗಿ ಹೇಳುವ ಆ ಡಬ್ಬಿ. ಗದ್ದಲದಲ್ಲಿ ಕೇಳಿಸಲಿ ಎಂದು ಯಾರೋ ಪುಣ್ಯಾತ್ಮರು ಅದರ ಬಾಯಿಗೆ ಮೈಕ್ ಇಟ್ಟಿದ್ದರು. 'ಅವಲೋಕನ' ಎಂಬ ತಲೆಬರಹದ ಕೆಳಗೆ ಹುಡುಗಿ ಬರೆದಿದ್ದಳು: "ಹಿರಿಯರೊಬ್ಬರು ಬಂದು, ಸಂಸ್ಥೆಯ ಬಗ್ಗೆ ಕಾಲು ಗಂಟೆ ವಿಚಾರಿಸಿ, ನನ್ನ ಬೆನ್ನು ತಟ್ಟಿ, ಸ್ಕ್ಯಾನ್ ಮಾಡಿದರು. 'ಒಂದು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಮೈದಾನಕ್ಕೆಲ್ಲ ಕೇಳಿಸಿತು. ಸ್ವಯಂಸೇವಕರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಹಿರಿಯರು ಹಸಿರು ಮಫ್ಲರ್ ಸುತ್ತಿದ್ದರು. ಅದರ ತುದಿಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲಿ ಸುಟ್ಟ ಗುರುತಿತ್ತು."

ಮೂವರೂ ಸೀನನ ಕುತ್ತಿಗೆ ನೋಡಿದೆವು. ಸೀನ ಮೆಲ್ಲಗೆ ಮಫ್ಲರಿನ ತುದಿಯನ್ನು ಸ್ವೆಟರಿನೊಳಗೆ ತುರುಕಿದ.

"ಟೆಸ್ಟ್ ಮಾಡಿದ್ದು ಕಣಯ್ಯ. ದೊಡ್ಡ ಮೊತ್ತ ಹಾಕೋ ಮುಂಚೆ ಒಂದು ರೂಪಾಯಿ ಹಾಕಿ ನೋಡ್ಬೇಕು. ಬ್ಯಾಂಕಿನೋರ ಅಭ್ಯಾಸ."

"ಟೆಸ್ಟ್ ಪಾಸಾಯ್ತಲ್ಲ. ಆಮೇಲೆ?"

"ಆಮೇಲೆ ಆ ಕಡೆ ಬಿಸಿ ಬೋಂಡಾ ತೆಗೀತಿದ್ರು" ಅಂದ ಸೀನ, ಎದ್ದು ಎರಡನೇ ಸುತ್ತಿಗೆ ಹೊರಟೇಬಿಟ್ಟ.